ಝೋನ್ ಬಂತು, ಮುಂದೇನು?

ಶಿರಸಿ

ಚಿ. ಸುಮೇಧಾಗೆ ದೊಡ್ಡಮ್ಮನ ಆಶೀರ್ವಾದಗಳು.

  

ನೀನು ಅಮ್ಮನಿಗೆ ಕಳಿಸಿದ ಪ್ಲೇಟುಗಳ ಫೋಟೊ ನೆಂಟರ ವಾಟ್ಸಾಪ್ ಗ್ರೂಪಿಗೂ ಬಂತು. ‘ನಮ್ಮ ಸುಮೇಧಾ ಫುಡ್ ಪಾಯ್ಸನಿಂಗಿಗೆ ದೊಡ್ಡಪತ್ರೆಯಿಂದ ಔಷಧಿ ಕಂಡುಹಿಡಿದಳು’ ಅಂತ ಯಾರೋ ಬರೆದರು. ಅದರ ಕೆಳಗೆ ಹೂಗುಚ್ಛಗಳ ರಾಶಿಯೇ ಬಿತ್ತು. ನಾನು ಹೂಗುಚ್ಛ ಹಾಕಲಿಲ್ಲ. ಖುಷಿಯಾಗಲಿಲ್ಲ ಅಂತ ತಿಳಿಯಬೇಡ. ಮೈಕ್ರೋಬಯಾಲಜಿ ಪಾಠ ಮಾಡಿಯೇ ನಿವೃತ್ತಳಾದವಳು ನಾನು. ಮನೆಯ ಕೂಸೊಂದು ಅದೇ ದಾರಿ ಹಿಡಿದದ್ದು ನನಗೆಷ್ಟು ಸಂತೋಷ ಅಂತ ನಿನಗೆ ಗೊತ್ತಲ್ಲ. ಆದರೆ ಹೇಳಬೇಕಾದ್ದು ಮೊಬೈಲಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ.

ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನಾಲ್ಕು ಪ್ಲೇಟು, ಒಂದೊಂದರಲ್ಲಿ ಸಸ್ಯಸಾರ ತುಂಬಿದ ನಾಲ್ಕು ವೆಲ್: ದಾಳಿಂಬೆ ಸಿಪ್ಪೆ, ದೊಡ್ಡಪತ್ರೆ, ಮುರುಗಲು, ಅರಿಶಿನ. ನಡುವೆ ಜೆಂಟಾಮೈಸಿನ್ ಆಂಟಿಬಯಾಟಿಕ್ಕಿನ ಡಿಸ್ಕ್. ಬ್ಯಾಸಿಲಸ್ ಸೀರಿಯಸ್ ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆಸಿದ ಪ್ಲೇಟುಗಳಲ್ಲಿ ಮೊದಲ ಮೂರರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಚೊಕ್ಕ ಝೋನ್. ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಪ್ಲೇಟುಗಳಲ್ಲಿ ಮುರುಗಲಿನ ಸುತ್ತ ಮಾತ್ರ ಸಣ್ಣದೊಂದು ಮಸುಕು ಉಂಗುರ. ಅರಿಶಿನದ್ದು ಎಲ್ಲೂ ಸೊನ್ನೆ.

ಕೆಲಸ ಅಚ್ಚುಕಟ್ಟಾಗಿದೆ. ಬ್ಯಾಕ್ಟೀರಿಯಾ ಒಂದೇ ಸಮನಾಗಿ ಹಬ್ಬಿದೆ, ವೆಲ್‌ಗಳ ಅಂಚು ಹರಿದಿಲ್ಲ. ಕೈ ಕುದುರಿದೆ ಅಂತಾಯಿತು. ಇನ್ನು ತಲೆ ಕುದುರಬೇಕು. ಝೋನ್ ಬಂದ ದಿನ ಕೆಲಸ ಶುರುವಾಯಿತು ಅಂತ ಇಟ್ಟುಕೊ. ಅದು ಯಾಕೆ ಬಂತು, ಗಿಡದ ಗುಣವಲ್ಲದೆ ಬೇರೆ ಯಾವ ಕಾರಣಕ್ಕೆ ಬಂದಿರಬಹುದು ಅಂತ ನಿನ್ನನ್ನು ನೀನೇ ಪಾಟೀಸವಾಲಿಗೆ ಒಡ್ಡಿಕೊಳ್ಳಬೇಕು. ಗೈಡ್ ಕೇಳುವ ಮೊದಲು, ವೈವಾಕ್ಕೆ ಬಂದವರು ಕೇಳುವ ಮೊದಲು ನೀನೇ ಕೇಳಿಕೊಂಡಿರಬೇಕು.

ಮೊದಲು ಎದುರಾಳಿಗಳ ವಿಚಾರ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ. ಸತ್ತವರಲ್ಲಿ 1,25,000 ಮಂದಿ ಐದು ವರ್ಷದೊಳಗಿನ ಮಕ್ಕಳು. ಹಾಗಾಗಿ ನೀನು ಆರಿಸಿಕೊಂಡ ವಿಷಯ ಸಣ್ಣದಲ್ಲ. ಆದರೆ ನಿನ್ನ ನಾಲ್ಕೂ ಬ್ಯಾಕ್ಟೀರಿಯಾ ಒಂದೇ ಥರ ಕೇಡು ಮಾಡುವುದಿಲ್ಲ. ಬ್ಯಾಸಿಲಸ್ ಸೀರಿಯಸ್ಸನ್ನೇ ತಗೊ. ಅಕ್ಕಿಯಲ್ಲಿ ಅದರ ಬೀಜಕಣಗಳು ಇದ್ದೇ ಇರುತ್ತವೆ, ಅನ್ನ ಕುದಿದರೂ ಸಾಯುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗುವುದಿಲ್ಲ, ಅಷ್ಟು ಶಾಖ ತಡೆಯುತ್ತದೆ. ಸ್ಟ್ಯಾಫಿಲೊಕಾಕಸ್ಸಿನ ವಿಷವೂ ಹಾಗೆಯೇ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ನೀನು ಪ್ಲೇಟಿನ ಮೇಲೆ ತಡೆದದ್ದು ಬೆಳೆಯುತ್ತಿರುವ ಜೀವಕೋಶಗಳನ್ನು ಮಾತ್ರ. ಬೀಜಕಣದ ಬಗ್ಗೆಯಾಗಲಿ, ಆಗಲೇ ಅನ್ನದೊಳಗೆ ಸೇರಿದ ವಿಷದ ಬಗ್ಗೆಯಾಗಲಿ ಆ ಝೋನ್ ಏನೂ ಹೇಳುವುದಿಲ್ಲ.

ಇ. ಕೋಲಿಯಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಲ್ಯಾಬಿನಲ್ಲಿರುವುದು ಬಹುಶಃ ಎಟಿಸಿಸಿ 25922, ಪರೀಕ್ಷೆಗೆಂದೇ ಎಲ್ಲರೂ ಇಟ್ಟುಕೊಳ್ಳುವ ಸಾಧು ತಳಿ. 1982ರಲ್ಲಿ ಅಮೆರಿಕದಲ್ಲಿ ಅರೆಬೆಂದ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಹಿಡಿಸಿ ಬೆಳಕಿಗೆ ಬಂದದ್ದು ಓ157:ಎಚ್7 ಅನ್ನುವ ತಳಿ. ಎರಡಕ್ಕೂ ಹೆಸರು ಇ. ಕೋಲಿಯೇ. ನೀನು ಬಳಸಿದ್ದು ಯಾವ ತಳಿ, ಎಲ್ಲಿಂದ ತಂದದ್ದು ಅಂತ ನಂಬರ್ ಸಮೇತ ಬರೆ.

ಗಿಡಕ್ಕೂ ಅದೇ ನಿಯಮ. ದೊಡ್ಡಪತ್ರೆಯನ್ನು ಅಜ್ಜಿಮನೆಯ ಹಿತ್ತಿಲಿಂದಲೇ ಒಯ್ದಿದ್ದೀಯ, ಅದರಲ್ಲಿ ಗೊಂದಲವಿಲ್ಲ. ಅರಿಶಿನವನ್ನು ಅಂಗಡಿಯ ಪುಡಿಯಿಂದ ತಗೊಂಡೆ ಅಂತ ನಿನ್ನ ಅಮ್ಮ ಹೇಳಿದಳು. ಅದು ಬೇಡ. ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಲ್ಲಿ ನೆಲನೆಲ್ಲಿ ಅಂತ ಮಾರುವ ಸೊಪ್ಪನ್ನು ಸಂಶೋಧಕರು ಡಿಎನ್‌ಎ ಮಟ್ಟದಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಸುಮಾರು ನಾಲ್ಕರಲ್ಲೊಂದು ಅಂಗಡಿಯ ಮಾಲಿನಲ್ಲಿ ಅದೇ ಕುಲದ ಬೇರೆ ಜಾತಿಗಳು ಸಿಕ್ಕಿದವು. ಪುಡಿ ಮಾಡಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಇಡೀ ಗಿಡವನ್ನು, ಹೂವಿದ್ದರೆ ಹೂವಿನ ಸಮೇತ, ಒತ್ತಿ ಒಣಗಿಸಿ ಸಸ್ಯಶಾಸ್ತ್ರ ವಿಭಾಗದವರಿಂದ ಗುರುತಿಸಿಕೊಂಡು ಹರ್ಬೇರಿಯಂ ನಂಬರ್ ತಗೊ. ಯಾವ ತಿಂಗಳಲ್ಲಿ ಕೊಯ್ದದ್ದು ಅಂತಲೂ ಬರೆ. ದೊಡ್ಡಪತ್ರೆಯ ಎಣ್ಣೆಯಲ್ಲಿ ಒಂದು ಊರಿನಲ್ಲಿ ಕಾರ್ವಕ್ರಾಲ್ ಹೆಚ್ಚು, ಇನ್ನೊಂದು ಊರಿನಲ್ಲಿ ಥೈಮಾಲ್ ಹೆಚ್ಚು. ಒಬ್ಬರಿಗೆ ಸಿಕ್ಕ ಫಲಿತಾಂಶ ಇನ್ನೊಬ್ಬರಿಗೆ ಸಿಗದಿರಲು ಇಷ್ಟು ಸಾಕು.

ಸಾರ ತೆಗೆಯುವ ಕ್ರಮವೂ ಫಲಿತಾಂಶವನ್ನು ಬದಲಿಸುತ್ತದೆ. ಚೀನಾದ ತು ಯೂಯೂ ಅವರ ಕಥೆ ಕ್ಲಾಸಿನಲ್ಲಿ ಹೇಳಿರಬೇಕು. ಅವರ ತಂಡ ಮಲೇರಿಯಾಕ್ಕೆ ಔಷಧಿ ಹುಡುಕುತ್ತ ಚಿಂಗ್‌ಹಾವೊ ಗಿಡಕ್ಕೆ ಬಂದಿತ್ತು. ಒಮ್ಮೆ ಫಲ ಕಂಡರೆ ಇನ್ನೊಮ್ಮೆ ಇಲ್ಲ. ಗ ಹೊಂಗ್ ಎಂಬ ನಾಲ್ಕನೇ ಶತಮಾನದ ವೈದ್ಯನ ಪುಸ್ತಕವನ್ನು ಅವರು ಮತ್ತೆ ಓದಿದರು. ಅಲ್ಲಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತಿತ್ತು. ಕುದಿಸುವ ಮಾತೇ ಇರಲಿಲ್ಲ. ಶಾಖಕ್ಕೆ ಗುಣ ಹೋಗುತ್ತಿರಬಹುದು ಅಂತ ಊಹಿಸಿ, 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವ ಈಥರ್ ಬಳಸಿ 1971ರಲ್ಲಿ ಸಾರ ತೆಗೆದರು. ಇಲಿಗಳಲ್ಲಿ ಅದು ಪೂರ್ತಿ ಫಲ ಕೊಟ್ಟಿತು. ಆರ್ಟೆಮಿಸಿನಿನ್ ಸಿಕ್ಕಿದ್ದು ಹಾಗೆ, ನೊಬೆಲ್ ಬಂದದ್ದು 2015ರಲ್ಲಿ. ಹಳೆಯ ಗ್ರಂಥದ ಮೇಲೆ ಅವರಿಗೆ ಗೌರವವಿತ್ತು. ಆ ಗೌರವವನ್ನು ಅವರು ತೋರಿಸಿದ್ದು ಅದರ ಸಾಲನ್ನು ಗಮನವಿಟ್ಟು ಓದಿ, ಪರೀಕ್ಷೆಗೆ ಹಚ್ಚಿ.

ನೀನು ದೊಡ್ಡಪತ್ರೆಯನ್ನು ಓವನ್ನಿನಲ್ಲಿ ಒಣಗಿಸಿ ಸಾಕ್ಸ್‌ಲೆಟ್‌ನಲ್ಲಿ ಮೆಥನಾಲ್ ಹಾಕಿ ಗಂಟೆಗಟ್ಟಲೆ ಕಾಯಿಸಿದ್ದೀಯಂತೆ. ಆ ಎಲೆಯ ಘಮವೇ ಅದರ ಬಲ. ಬಿಸಿಗೆ ಹಾರಿಹೋಗುವ ಎಣ್ಣೆ ಅದು. ಓವನ್ನಿನ ಬಾಗಿಲು ತೆಗೆದಾಗ ರೂಮೆಲ್ಲ ಘಮ್ಮೆಂದಿದ್ದರೆ ಅಷ್ಟು ಔಷಧಿ ಗಾಳಿಪಾಲಾಯಿತು ಅಂತಲೇ ಲೆಕ್ಕ. ನೆರಳಲ್ಲಿ ಒಣಗಿಸಿದ್ದು ಒಂದು, ಹಸಿ ಎಲೆಯಿಂದ ಭಟ್ಟಿ ಇಳಿಸಿದ ಎಣ್ಣೆ ಒಂದು, ನೀರಿನ ಸಾರ ಒಂದು ಇಟ್ಟುಕೊಂಡು ಹೋಲಿಸಿ ನೋಡು. ದಾಳಿಂಬೆ ಸಿಪ್ಪೆಗೆ ಈ ರಗಳೆ ಕಡಿಮೆ. ಅದರ ಟ್ಯಾನಿನ್‌ಗಳು ಹಾರಿಹೋಗುವಂಥವಲ್ಲ.

ಇನ್ನು ಕಂಟ್ರೋಲ್. ನಿನ್ನ ಪ್ಲೇಟಿನಲ್ಲಿ ಜೆಂಟಾಮೈಸಿನ್ ಇದೆ, ಬರೀ ಡಿಎಂಎಸ್‌ಒ ಹಾಕಿದ ವೆಲ್ ಕಾಣಲಿಲ್ಲ. ಸಾರ ಕರಗಿಸಿದ ದ್ರಾವಕವೇ ಬ್ಯಾಕ್ಟೀರಿಯಾವನ್ನು ಸಾಯಿಸಿಲ್ಲ ಅನ್ನುವುದಕ್ಕೆ ಸಾಕ್ಷಿ ಬೇಡವೆ? ಮುರುಗಲಿಗೆ ಇನ್ನೂ ಒಂದು ಪರೀಕ್ಷೆ ಬೇಕು. ಅದರ ಸಿಪ್ಪೆ ತುಂಬ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಾಲ್ಕೂ ಪ್ಲೇಟಿನಲ್ಲಿ ಉಂಗುರ ಬಂದದ್ದು ಅದೊಂದಕ್ಕೇ ಅನ್ನುವುದನ್ನು ನೋಡಿದರೆ ಕೆಲಸ ಮಾಡಿದ್ದು ಹುಳಿಯೇ ಇರಬೇಕು ಅಂತ ನನ್ನ ಅನುಮಾನ. ಒಂದು ವೆಲ್‌ಗೆ ಮುರುಗಲಿನ ಸಾರವನ್ನು ಪಿಎಚ್ 7ಕ್ಕೆ ತಂದು ಹಾಕು. ಪಕ್ಕದ್ದಕ್ಕೆ ಮೂಲ ಸಾರದಷ್ಟೇ ಪಿಎಚ್ ಇರುವ ಸಿಟ್ರಿಕ್ ಆಮ್ಲದ ನೀರು ಹಾಕು. ಮೊದಲನೆಯದರಲ್ಲಿ ಉಂಗುರ ಮಾಯವಾಗಿ ಎರಡನೆಯದರಲ್ಲಿ ಬಂದರೆ ವಿಷಯ ಇತ್ಯರ್ಥ. ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ, ಹುಳಿ ಹಾಕಿ ಕೆಡದಂತೆ ಉಳಿಸುವುದು ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತಿರುವ ವಿದ್ಯೆ. ಆದರೆ ‘ಮುರುಗಲಿನ ವಿಶೇಷ ಔಷಧೀಯ ಗುಣ’ ಅಂತ ಬರೆಯಲು ಬರುವುದಿಲ್ಲ.

ಅರಿಶಿನ ಸೋತಿತು ಅಂತಲೂ ಈಗಲೇ ಬರೆಯಬೇಡ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅಗಾರಿನಲ್ಲಿ ಮುಂದಕ್ಕೆ ಹರಿಯದೆ ವೆಲ್ಲಿನ ಅಂಚಿನಲ್ಲೇ ಹಳದಿ ಕಲೆಯಾಗಿ ಕೂತದ್ದು ನಿನ್ನ ಫೋಟೊದಲ್ಲೇ ಕಾಣುತ್ತದೆ. ಹರಿಯದಿದ್ದರೆ ಝೋನ್ ಎಲ್ಲಿಂದ ಬರಬೇಕು? ಹಾಗಾಗಿ ಝೋನಿನ ಅಳತೆಯಿಂದ ಒಂದು ಗಿಡವನ್ನು ಇನ್ನೊಂದಕ್ಕೆ ಹೋಲಿಸಿ ‘ಇದು ಹೆಚ್ಚು ಪ್ರಬಲ’ ಅನ್ನುವುದು ಸರಿಯಲ್ಲ. ಸಣ್ಣ ಅಣುಗಳು ದೂರ ಹೋಗುತ್ತವೆ, ದೊಡ್ಡವು ಹತ್ತಿರವೇ ಉಳಿಯುತ್ತವೆ. ಮಿಲಿಮೀಟರ್ ಅಳೆದಾಗ ಬಲ ಮತ್ತು ಹರಿವು ಎರಡೂ ಸೇರಿ ಅಳತೆಗೆ ಬರುತ್ತವೆ.

‘ಜೆಂಟಾಮೈಸಿನ್ ಹತ್ತಿರ ಹತ್ತಿರ ಬಂತು ದೊಡ್ಡಮ್ಮ’ ಅಂದೆಯಲ್ಲ, ಆ ಲೆಕ್ಕವನ್ನೂ ಬಿಡಿಸಿ ನೋಡೋಣ. ಆ ಡಿಸ್ಕಿನಲ್ಲಿರುವುದು 10 ಮೈಕ್ರೋಗ್ರಾಂ ಔಷಧಿ. ನೀನು ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂನ ಸಾರ ಮಾಡಿ, ವೆಲ್‌ಗೆ 100 ಮೈಕ್ರೋಲೀಟರ್ ಹಾಕಿದ್ದೀಯ. ಅಂದರೆ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಸಾವಿರ ಪಟ್ಟು ಹೆಚ್ಚು ಸುರಿದು ಹತ್ತಿರ ಹತ್ತಿರ ಬಂದದ್ದು! ಸಾರವೆಂದರೆ ನೂರೆಂಟು ವಸ್ತುಗಳ ಮಿಶ್ರಣ, ಆಂಟಿಬಯಾಟಿಕ್ ಒಂದೇ ಶುದ್ಧ ವಸ್ತು. ಅಷ್ಟು ರಿಯಾಯಿತಿ ಗಿಡಕ್ಕೆ ಕೊಡಬೇಕು. ಆದರೆ ಪ್ರಮಾಣವನ್ನು ಪಕ್ಕದಲ್ಲಿ ಬರೆಯದೆ ಎರಡು ಬಾರ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿ ಗ್ರಾಫ್ ಹಾಕಬೇಡ.

ಇ. ಕೋಲಿ, ಸಾಲ್ಮೊನೆಲ್ಲಾ ಜಗ್ಗದಿರುವುದು ನಿನ್ನ ತಪ್ಪಲ್ಲ. ಎರಡೂ ಗ್ರಾಂ ನೆಗೆಟಿವ್. ಅವುಗಳ ಕೋಶಭಿತ್ತಿಯ ಹೊರಗೆ ಇನ್ನೊಂದು ಪೊರೆ ಇದೆ. ಮಳೆಗಾಲದಲ್ಲಿ ಗದ್ದೆಗಿಳಿಯುವವರು ಹೊದೆಯುವ ಕಂಬಳಿಕೊಪ್ಪೆಯ ಹಾಗೆ, ಸುರಿದದ್ದು ಒಳಗೆ ಇಳಿಯಗೊಡುವುದಿಲ್ಲ. ಒಳಗೆ ನುಸುಳಿದ್ದನ್ನು ಪಂಪಿನಂತಹ ಪ್ರೋಟೀನುಗಳು ಹೊರದಬ್ಬುತ್ತವೆ. ಸ್ಟ್ಯಾಫಿಲೊಕಾಕಸ್, ಬ್ಯಾಸಿಲಸ್‌ಗಳಿಗೆ ಆ ಹೊರಪೊರೆ ಇಲ್ಲ. ಸಸ್ಯಸಾರಗಳ ಮೇಲೆ ಕೆಲಸ ಮಾಡಿದ ಬಹುಪಾಲು ಜನರಿಗೆ ಕಂಡದ್ದೂ ಇದೇ ವ್ಯತ್ಯಾಸ.

ಈಗ ಮುಂದಿನ ಹೆಜ್ಜೆ ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಕನಿಷ್ಠ ಎಷ್ಟು ಸಾರ ಬೇಕು ಅನ್ನುವ ಅಳತೆ. 96 ವೆಲ್‌ಗಳ ಪ್ಲೇಟ್ ತಗೊಂಡು ಸಾರವನ್ನು ಸಾಲಾಗಿ ಅರ್ಧರ್ಧ ಮಾಡುತ್ತ ಹೋಗು. ಪ್ರತಿ ವೆಲ್‌ಗೂ ಬ್ಯಾಕ್ಟೀರಿಯಾ ಸಮನಾಗಿ ಬೀಳಬೇಕು; ಅದಕ್ಕೆ ಮೊದಲು ಮೆಕ್‌ಫಾರ್ಲಂಡ್ 0.5ರ ಮಬ್ಬಿಗೆ ಹೊಂದಿಸಿಕೊ, ಅಂದರೆ ಮಿಲಿಲೀಟರಿಗೆ ಸುಮಾರು 15 ಕೋಟಿ, ಆಮೇಲೆ ತೆಳು ಮಾಡು. ರಾತ್ರಿ ಇಡೀ 37 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ರೆಸಜುರಿನ್ ಎಂಬ ನೀಲಿ ಬಣ್ಣ ಹಾಕಿದರೆ, ಜೀವವಿದ್ದ ಕಡೆ ನೀಲಿ ಗುಲಾಬಿಗೆ ತಿರುಗುತ್ತದೆ. ಸಾಲಿನಲ್ಲಿ ನೀಲಿ ನಿಂತು ಗುಲಾಬಿ ಶುರುವಾಗುವ ಜಾಗ ಕಣ್ಣಿಗೇ ಕಾಣುತ್ತದೆ; ನೋಡಲು ಬಲು ಚಂದ. ಅಲ್ಲೂ ಮೋಸಗಳಿವೆ. ದಾಳಿಂಬೆಯ ಟ್ಯಾನಿನ್ ಮೀಡಿಯಂನ ಪ್ರೋಟೀನಿಗೆ ಅಂಟಿ ಮಬ್ಬು ತರಿಸುತ್ತದೆ. ಕೆಲವು ಸಾರಗಳು ಬ್ಯಾಕ್ಟೀರಿಯಾದ ಹಂಗಿಲ್ಲದೆ ತಾವೇ ರೆಸಜುರಿನ್ನಿನ ಬಣ್ಣ ತಿರುಗಿಸುತ್ತವೆ. ಆದ್ದರಿಂದ ಬ್ಯಾಕ್ಟೀರಿಯಾ ಹಾಕದ, ಸಾರ ಮಾತ್ರ ಇರುವ ಒಂದು ಸಾಲು ಇರಲೇಬೇಕು. ನೀಲಿ ಉಳಿದ ವೆಲ್‌ಗಳಿಂದ ಒಂದೊಂದು ಹನಿ ತೆಗೆದು ಹೊಸ ಅಗಾರಿನ ಮೇಲೆ ಹಚ್ಚು. ಬೆಳೆದರೆ ಸಾರ ಬರೀ ತಡೆದಿತ್ತು, ಬೆಳೆಯದಿದ್ದರೆ ಕೊಂದಿತ್ತು. ಮಿಲಿಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚು ಬೇಕಾದ ಸಾರವನ್ನು ‘ಪರಿಣಾಮಕಾರಿ’ ಅಂತ ಕರೆಯಲು ಈ ಕ್ಷೇತ್ರದ ಅನುಭವಿಗಳು ಒಪ್ಪುವುದಿಲ್ಲ. ನೀನೂ ಕರೆಯಬೇಡ.

ಆ ಒಂದು ಮಿಲಿಗ್ರಾಂ ಅಡುಗೆಮನೆಗೆ ಬಂದರೆ ಎಷ್ಟಾಗುತ್ತದೆ ನೋಡು. ಲೀಟರಿಗೆ ಒಂದು ಗ್ರಾಂ ಸಾರ. ಒಣಎಲೆಯ ಹತ್ತರಲ್ಲೊಂದು ಭಾಗ ಸಾರ ಸಿಗುತ್ತದೆ ಅಂತ ಹಿಡಿ. ಹತ್ತು ಗ್ರಾಂ ಒಣಎಲೆ ಬೇಕು. ದೊಡ್ಡಪತ್ರೆಯದು ನೀರು ತುಂಬಿದ ದಪ್ಪ ಎಲೆ, ಒಣಗಿದರೆ ಹತ್ತರಲ್ಲೊಂದೂ ಉಳಿಯುವುದಿಲ್ಲ. ಹಾಗಾಗಿ ಲೀಟರಿಗೆ ನೂರು ಗ್ರಾಂ ಹಸಿ ಎಲೆಯಾದರೂ ಬೇಕು. ಇದು ಲ್ಯಾಬಿನ ತಿಳಿಸಾರಿನಂಥ ಬ್ರಾತ್‌ನಲ್ಲಿ. ನಿಜವಾದ ಆಹಾರದಲ್ಲಿ ಜಿಡ್ಡು, ಪ್ರೋಟೀನು ಎಲ್ಲ ಇರುತ್ತದೆ, ಸಸ್ಯದ ಎಣ್ಣೆ ಅದರಲ್ಲೇ ಅಡಗಿಕೊಂಡು ಬ್ಯಾಕ್ಟೀರಿಯಾಕ್ಕೆ ಸಿಗುವುದಿಲ್ಲ. ಇಂಥ ಎಣ್ಣೆಗಳ ಬಗ್ಗೆ 2004ರಲ್ಲಿ ಬಂದ ಹೆಸರುವಾಸಿ ಸಮೀಕ್ಷೆಯೊಂದರ ಪ್ರಕಾರ, ಬ್ರಾತ್‌ಗೆ ಹೋಲಿಸಿದರೆ ಕೆನೆ ಕಡಿಮೆ ಮಾಡಿದ ಹಾಲಿನಲ್ಲಿ ಸುಮಾರು ಎರಡು ಪಟ್ಟು, ಸೂಪಿನಲ್ಲಿ 50 ಪಟ್ಟು, ಮೆತ್ತನೆಯ ಚೀಸ್‌ನಲ್ಲಿ 25ರಿಂದ 100 ಪಟ್ಟು ಬೇಕಾಯಿತು. ಅಷ್ಟು ಹಾಕಿದ ಅಡುಗೆಯನ್ನು ಬ್ಯಾಕ್ಟೀರಿಯಾ ಮುಟ್ಟದಿರಬಹುದು, ಮನುಷ್ಯರೂ ಮುಟ್ಟುವುದಿಲ್ಲ! ನಮ್ಮ ತಂಬುಳಿಗೆ ಒಂದು ಹಿಡಿ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಸೇರಿಸಿ ಬೀಸಿ ಮಜ್ಜಿಗೆ ಬೆರೆಸುತ್ತೇವೆ. ಅದು ಹಿತ, ಅದು ರುಚಿ. ಕೆಟ್ಟ ಅನ್ನಕ್ಕೆ ಅದು ಪರಿಹಾರ ಅಂತ ಹೇಳಲು ನಿನ್ನ ಪ್ಲೇಟಿನಲ್ಲಿ ಆಧಾರವಿಲ್ಲ. ಮಜ್ಜಿಗೆಯ ಮಾತು ಬಂತಲ್ಲ, ನಿನ್ನ ಸಾರಗಳನ್ನು ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಮೇಲೂ ಒಮ್ಮೆ ಪ್ರಯೋಗಿಸು. ಉಪಕಾರಿಯನ್ನೂ ಕೊಲ್ಲುವುದಾದರೆ ಅದೂ ಗೊತ್ತಿರಬೇಕಾದ ಸಂಗತಿ.

ಮಸಾಲೆಯ ವಿಷಯದಲ್ಲಿ ನಮಗೆಲ್ಲ ಒಂದು ಹೆಮ್ಮೆ ಇದೆ: ಸೆಖೆಯ ನಾಡಿನವರು ಖಾರ ತಿನ್ನುವುದೇ ರೋಗಾಣು ಕೊಲ್ಲಲು ಅಂತ. 1998ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 36 ದೇಶಗಳ ಅಡುಗೆಪುಸ್ತಕಗಳನ್ನು ಜಾಲಾಡಿ ಹಾಗೆಯೇ ವಾದಿಸಿದ್ದರು. ನಾನೂ ಅದನ್ನು ಕ್ಲಾಸಿನಲ್ಲಿ ಹೇಳುತ್ತಿದ್ದೆ. 2021ರಲ್ಲಿ 70 ಬಗೆಯ ಅಡುಗೆಗಳ 33,750 ಪಾಕಗಳನ್ನು ಮತ್ತೆ ಪರಿಶೀಲಿಸಿದ ಇನ್ನೊಂದು ತಂಡ, ಆ ವಾದಕ್ಕೆ ತಕ್ಕ ಆಧಾರ ಸಿಗುವುದಿಲ್ಲ ಅಂತ ಹೇಳಿತು. ವಿಜ್ಞಾನ ಇರುವುದೇ ಹೀಗೆ. ಮಸಾಲೆಯೇ ರೋಗಾಣು ಹೊತ್ತು ತಂದದ್ದೂ ಇದೆ. 2009–10ರಲ್ಲಿ ಅಮೆರಿಕದಲ್ಲಿ ಸಲಾಮಿ ಎಂಬ ಮಾಂಸದ ತಿನಿಸಿನಿಂದ 272 ಜನರಿಗೆ ಸಾಲ್ಮೊನೆಲ್ಲಾ ತಗುಲಿತು. ಮೂಲ ಹುಡುಕಿದರೆ ಅದಕ್ಕೆ ಹಚ್ಚಿದ ಕಾಳುಮೆಣಸಿನ ಪುಡಿಯಲ್ಲೇ ರೋಗಾಣು ಸಿಕ್ಕಿತು. ಮೆಣಸಿನ ಎಣ್ಣೆಗೆ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ ಅನ್ನುವುದು ಲ್ಯಾಬಿನಲ್ಲಿ ನಿಜ. ಅಂಗಳದಲ್ಲಿ ಒಣಹಾಕಿದ ಮೆಣಸಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಅದರ ಜತೆ ರೋಗಾಣುವೂ ಬರುತ್ತದೆ ಅನ್ನುವುದೂ ನಿಜ.

ಹಾಗಾದರೆ ಈ ಕೆಲಸಕ್ಕೆ ಅರ್ಥವಿಲ್ಲವೆ ಅಂತ ಕೇಳಬೇಡ. ಖಂಡಿತ ಇದೆ. ನನ್ನನ್ನು ಕೇಳಿದರೆ ನಿನ್ನ ನಾಲ್ಕರಲ್ಲಿ ದಾಳಿಂಬೆ ಸಿಪ್ಪೆಯ ಮೇಲೆ ಪಣ ಕಟ್ಟುತ್ತೇನೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದರ ಸಾರಗಳ ಬ್ಯಾಕ್ಟೀರಿಯಾ ನಿರೋಧಕ ಗುಣವನ್ನು 2003ರಲ್ಲೇ ಪ್ರಕಟಿಸಿದ್ದಾರೆ. ಅದನ್ನು ಓದಿ ಅಲ್ಲಿಂದ ಮುಂದಕ್ಕೆ ಹೋಗು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಕಡೆ ದಾಳಿಂಬೆ ತೋಟಗಳಿವೆ. ಜ್ಯೂಸ್ ಅಂಗಡಿಗಳಲ್ಲಿ ಸಿಪ್ಪೆ ಕಸದಬುಟ್ಟಿಗೆ ಹೋಗುತ್ತದೆ. ಕಾಡಿನ ಮರದ ಚಕ್ಕೆ ಕೆತ್ತುವುದು ಬೇಡ, ಬೇರು ಅಗೆಯುವುದು ಬೇಡ. ಯಾವುದೋ ಅಪರೂಪದ ಮರದ ತೊಗಟೆಯಲ್ಲಿ ಗುಣ ಕಂಡು ಪೇಪರ್ ಬರೆದರೆ ಮರುವರ್ಷ ಆ ಮರಕ್ಕೇ ಕತ್ತಿ ಬೀಳುತ್ತದೆ. ಎಸೆಯುವ ಸಿಪ್ಪೆಯಿಂದ ಯಾರಿಗೂ ನಷ್ಟವಿಲ್ಲ. ಪ್ಯಾಕ್ ಮಾಡಿದ ತಿನಿಸು ಕೆಡದಂತೆ ಇಡುವುದಕ್ಕೆ, ಇರುವ ಸಂರಕ್ಷಕಗಳ ಪ್ರಮಾಣ ಇಳಿಸುವುದಕ್ಕೆ, ಹೊದಿಕೆಯ ಹಾಳೆಗೆ ಸೇರಿಸುವುದಕ್ಕೆ ಅದು ಬರುತ್ತದೆಯೆ ಅಂತ ನೋಡು. ಬರೀ ಬ್ರಾತ್ ಬಿಟ್ಟು ಅನ್ನದಲ್ಲಿ, ಪನೀರಿನಲ್ಲಿ ಬ್ಯಾಸಿಲಸ್ ಎಷ್ಟು ಗಂಟೆಗೆ ಎಷ್ಟು ಬೆಳೆಯಿತು ಅಂತ ಎಣಿಸು. ಅಂಥ ಒಂದು ಕೋಷ್ಟಕ ನೂರು ಝೋನ್‌ಗಳಿಗಿಂತ ಮೇಲು.

ಇಷ್ಟರ ಮೇಲೆ ಎರಡು ಮಾತು ದೊಡ್ಡಮ್ಮನಾಗಿ. ಸಾಲ್ಮೊನೆಲ್ಲಾ ಪ್ಲೇಟನ್ನು ಕೈಗವಸಿಲ್ಲದೆ ಮುಟ್ಟಬೇಡ. ಲ್ಯಾಬಿನಲ್ಲಿ ಕೂತು ತಿನ್ನಬೇಡ. ಬಳಸಿದ ಪ್ಲೇಟುಗಳು 121 ಡಿಗ್ರಿಯ ಆಟೋಕ್ಲೇವ್ ದಾಟದೆ ಕಸಕ್ಕೆ ಹೋಗಬಾರದು. ಮತ್ತೆ, ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ‘ಸುಮೇಧಾ ಹೇಳಿದ್ದಾಳೆ’ ಅಂತ ಎಲೆರಸ ಕುಡಿಸಿ ಕೂರುವಂತಾಗಬಾರದು. ಓಆರ್‌ಎಸ್ ಕುಡಿಸಬೇಕು. ರಕ್ತ ಕಂಡರೆ, ಜ್ವರ ಬಂದರೆ, ಮಗು ಸೊರಗಿದರೆ ಡಾಕ್ಟರ ಹತ್ತಿರ ಓಡಬೇಕು. ಗ್ರೂಪಿನಲ್ಲಿ ಬಂದ ಆ ಹೊಗಳಿಕೆಯನ್ನು ನೀನೇ ತಿದ್ದು. ‘ಔಷಧಿ ಸಿಕ್ಕಿಲ್ಲ, ಪರೀಕ್ಷೆ ನಡೆಯುತ್ತಿದೆ’ ಅಂತ ಒಂದು ಸಾಲು ಹಾಕಿದರೆ ಸಾಕು. ನಾಚಿಕೆ ಬೇಡ, ಅದು ನಿನ್ನ ಕೆಲಸದ ಭಾಗವೇ.

ಪ್ರಬಂಧ ಬರೆಯುವಾಗ ಫಲ ಕೊಡದ ಪ್ಲೇಟುಗಳನ್ನೂ ಸೇರಿಸು. ಇ. ಕೋಲಿ ಮಣಿಯಲಿಲ್ಲ ಅಂತ ಬರೆ. ಮುರುಗಲಿನ ಉಂಗುರ ಹುಳಿಯದ್ದೇ ಆಗಿದ್ದರೆ ಹಾಗಂತಲೇ ಬರೆ. ನಿನ್ನ ಹಿಂದೆ ಬರುವ ಇನ್ನೊಬ್ಬಳು ಹುಡುಗಿ ಅದೇ ಕೆಲಸಕ್ಕೆ ಮತ್ತೆ ಒಂದು ವರ್ಷ ಕಳೆಯುವುದು ಅದರಿಂದ ತಪ್ಪುತ್ತದೆ. ನಮ್ಮ ಗಿಡಮೂಲಿಕೆಗಳಿಗೆ ಹೊಗಳುವವರ ಕೊರತೆ ಯಾವತ್ತೂ ಇರಲಿಲ್ಲ, ಸರಿಯಾಗಿ ಪರೀಕ್ಷಿಸುವವರ ಕೊರತೆ ಇದೆ. ನೀನು ಆ ಎರಡನೆಯ ಸಾಲಿಗೆ ಸೇರು ಕೂಸೇ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ